ಮುಟ್ಟಿನ ಹೊಟ್ಟೆನೋವು: ನೋವಿಗಿಂತ ಮೊದಲೇ ಎದ್ದು ಕೂರುವುದು ಹೇಗೆ

ಕ್ಲಾಸಿನಲ್ಲಿ ಹುಡುಗಿಯೊಬ್ಬಳು ಡೆಸ್ಕಿಗೆ ತಲೆಯಾನಿಸಿ ಮಲಗಿದರೆ ನಾನು ಕೇಳುವುದು ಮೂರೇ ಪ್ರಶ್ನೆ.

“ನೋವು ಎಷ್ಟೊತ್ತಿಗೆ ಶುರುವಾಯ್ತು?”

“ಬೆಳಿಗ್ಗೆ ಆರಕ್ಕೆ ಮಿಸ್.”

“ತಿಂಡಿ ತಿಂದ್ಯಾ?”

“ಇಲ್ಲ ಮಿಸ್, ವಾಕರಿಕೆ ಬರ್ತಿತ್ತು.”

“ಮಾತ್ರೆ ಏನಾದ್ರೂ ತಗೊಂಡ್ಯಾ?”

“ತಡ್ಕೋ, ಆಮೇಲೆ ಸರಿಹೋಗುತ್ತೆ ಅಂದ್ರು ಅಮ್ಮ.”

ಅಷ್ಟು ಹೊತ್ತಿಗೆ ಗಂಟೆ ಹನ್ನೊಂದಾಗಿರುತ್ತದೆ. ಐದು ತಾಸು ಖಾಲಿ ಹೊಟ್ಟೆಯಲ್ಲಿ ನೋವು ನುಂಗಿಕೊಂಡು ಅವಳು ಬಸ್ಸು ಹತ್ತಿದ್ದಾಳೆ, ಪ್ರಾರ್ಥನೆಗೆ ನಿಂತಿದ್ದಾಳೆ, ಎರಡು ಪಾಠ ಕೇಳಿದ್ದಾಳೆ. ಈಗ ಮಾತ್ರೆ ನುಂಗಿದರೂ ಅದು ಪೂರ್ತಿ ಕೆಲಸ ಮಾಡುವುದಿಲ್ಲ. ಅದೇ ಮಾತ್ರೆ ಆರೂವರೆಗೆ, ಎರಡು ಇಡ್ಲಿಯ ಮೇಲೆ ಹೊಟ್ಟೆಗೆ ಬಿದ್ದಿದ್ದರೆ ಅವಳ ದಿನವೇ ಬೇರೆಯಿರುತ್ತಿತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನಾನು, ಅದಕ್ಕೂ ಮುಂಚೆ ಹದಿನೈದು ವರ್ಷ ಹೀಗೇ ತಡೆದುಕೊಂಡು ಬೆಳೆದ ನಾನು, ಈ ಬರಹದಲ್ಲಿ ಹೇಳಬೇಕೆಂದಿರುವುದು ಇದನ್ನೇ: ಮುಟ್ಟಿನ ನೋವಿಗೆ ಯಾವ ಮದ್ದು ಅನ್ನುವಷ್ಟೇ ಯಾವ ಹೊತ್ತು ಅನ್ನುವುದೂ ಮುಖ್ಯ.

ನೋವು ಎಲ್ಲಿಂದ ಬರುತ್ತದೆ

ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ನಾನು ಒಂದು ಸಣ್ಣ ಪ್ರಯೋಗ ಮಾಡಿಸುತ್ತೇನೆ. ಬಲಗೈ ಮುಷ್ಟಿ ಕಟ್ಟಿ ಗಟ್ಟಿಯಾಗಿ ಹಿಂಡಿ ಹಿಡಿಯಿರಿ, ನಾನು ಹೇಳುವ ತನಕ ಬಿಡಬೇಡಿ ಎನ್ನುತ್ತೇನೆ. ಅರ್ಧ ನಿಮಿಷಕ್ಕೆ ಬೆರಳ ಗೆಣ್ಣುಗಳು ಬಿಳಿಚಿಕೊಳ್ಳುತ್ತವೆ. ಒಂದು ನಿಮಿಷಕ್ಕೆ ಮೊಣಕೈ ತನಕ ಸೆಳೆಯಲು ಶುರುವಾಗುತ್ತದೆ. ಬಿಡಿ ಎಂದಾಗ ಬೆರಳು ನಿಧಾನಕ್ಕೆ ಬಿಚ್ಚಿಕೊಂಡು, ಅಂಗೈಗೆ ಮತ್ತೆ ಕೆಂಪು ಬಣ್ಣ ಹರಿಯುತ್ತದೆ. ಗರ್ಭಕೋಶವೂ ಒಂದು ಸ್ನಾಯು. ನಮ್ಮ ಮುಷ್ಟಿಯಷ್ಟೇ ದೊಡ್ಡದು. ಅದು ಹೀಗೆ ಹಿಂಡಿಕೊಂಡಾಗ ಅದರೊಳಗಿನ ರಕ್ತನಾಳಗಳು ಅಮುಕಿಹೋಗಿ ಸ್ನಾಯುವಿಗೆ ರಕ್ತ, ಆಮ್ಲಜನಕ ಸಾಲದಾಗುತ್ತದೆ. ಕಿಬ್ಬೊಟ್ಟೆಯಲ್ಲಿ ಹಿಂಡಿದಂತೆ, ನುಲಿದಂತೆ ಆಗುವ ನೋವು ಅದು. ಸೊಂಟಕ್ಕೆ ಹಿಡಿದುಕೊಳ್ಳುವುದೂ ತೊಡೆಗೆ ಇಳಿಯುವುದೂ ಅದೇ ನೋವು.

ಹಿಂಡುವ ಹಾಗೆ ಮಾಡುವುದು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ. ಮುಟ್ಟು ಬರುವ ಮುನ್ನ ಪ್ರೊಜೆಸ್ಟರಾನ್ ಹಾರ್ಮೋನು ಇಳಿಯುತ್ತದೆ. ಆಗ ಗರ್ಭಕೋಶದ ಒಳಪದರ ಕಳಚಿಕೊಳ್ಳಲು ತಯಾರಾಗುತ್ತಾ ಇದನ್ನು ಉತ್ಪಾದಿಸುತ್ತದೆ. ಇದು ಹೆಚ್ಚು ತಯಾರಾಗುವವರಿಗೆ ನೋವೂ ಹೆಚ್ಚು. ರಕ್ತಕ್ಕೆ ಸೇರಿ ಕರುಳಿಗೆ ತಲುಪಿದರೆ ಭೇದಿ, ವಾಕರಿಕೆ, ವಾಂತಿ, ತಲೆನೋವು. ಮೊದಲನೇ ದಿನ ನಾಲ್ಕು ಸಲ ಟಾಯ್ಲೆಟ್ಟಿಗೆ ಓಡುವ ಹುಡುಗಿ ನಿನ್ನೆ ಏನೋ ಕೆಟ್ಟದ್ದು ತಿಂದಿದ್ದಾಳೆ ಎಂದು ಮನೆಯವರು ಅಂದುಕೊಳ್ಳುತ್ತಾರೆ. ಅದೂ ಇದೇ ರಾಸಾಯನಿಕದ ಕೆಲಸ.

ಇನ್ನೊಂದು ವಿಷಯ. ದೊಡ್ಡವಳಾದ ಮೊದಲ ಕೆಲವು ತಿಂಗಳು ನೋವೇ ಇಲ್ಲದೆ, ಆರು ತಿಂಗಳಿಂದ ಎರಡು ವರ್ಷದೊಳಗೆ ಶುರುವಾಗುವುದು ಸಾಮಾನ್ಯ. ಅಂಡಾಶಯದಿಂದ ತಿಂಗಳು ತಿಂಗಳೂ ಅಂಡ ಬಿಡುಗಡೆಯಾಗಲು ಶುರುವಾದ ಮೇಲೆಯೇ ಈ ನೋವು. “ಮೊದಲು ಇರಲಿಲ್ಲ, ಈಗ ನಾಟಕ” ಎಂದು ಯಾವ ಅಜ್ಜಿಯೂ ಅನ್ನದಿರಲಿ. ದೇಹ ಬೆಳೆಯುವ ಕ್ರಮವೇ ಹಾಗಿದೆ.

ಮೊದಲ ಹೆಜ್ಜೆ: ಮೂರು ತಿಂಗಳು ಬರೆದಿಡಿ

ಫೋನಿನಲ್ಲಿ ಆ್ಯಪ್ ಇದ್ದರೆ ಸರಿ. ಇಲ್ಲದಿದ್ದರೆ ಅಡುಗೆಮನೆಯ ಗೋಡೆಗೆ ನೇತುಹಾಕಿದ ಪಂಚಾಂಗದ ಕ್ಯಾಲೆಂಡರೇ ಸಾಕು. ಮುಟ್ಟು ಶುರುವಾದ ದಿನಕ್ಕೊಂದು ಸುತ್ತು ಹಾಕಿ. ಪಕ್ಕದಲ್ಲಿ ನೋವು ಎಷ್ಟು ಗಂಟೆಗೆ ಬಂತು, ಹತ್ತಕ್ಕೆ ಎಷ್ಟು ಅಂಕದ ನೋವು, ಎಷ್ಟು ಪ್ಯಾಡ್ ಬದಲಾಯಿತು, ಯಾವ ಮಾತ್ರೆ ಎಷ್ಟೊತ್ತಿಗೆ ತಗೊಂಡಿರಿ, ಶಾಲೆಗೋ ಕೆಲಸಕ್ಕೋ ಹೋದಿರೋ ಇಲ್ಲವೋ, ಇಷ್ಟು ಬರೆಯಿರಿ.

ಮುಟ್ಟಿನ ಹಿಂದಿನ ವಾರವನ್ನೂ ಗಮನಿಸಿ. ಎದೆ ಭಾರ, ಮುಖದಲ್ಲಿ ಮೊಡವೆ, ಹೊಟ್ಟೆ ಉಬ್ಬರ, ಕಾರಣವಿಲ್ಲದೆ ಬರುವ ಅಳು, ಯಾರ ಮೇಲೋ ರೇಗಬೇಕು ಅನ್ನಿಸುವುದು. ಮೂರು ತಿಂಗಳ ನಂತರ ಆ ಹಾಳೆ ನೋಡಿದರೆ ನಿಮ್ಮ ದೇಹದ ಮುನ್ಸೂಚನೆ ಏನೆಂದು ಗೊತ್ತಾಗುತ್ತದೆ. ಒಬ್ಬರಿಗೆ ಹಿಂದಿನ ರಾತ್ರಿ ಸೊಂಟ ಹಿಡಿಯುತ್ತದೆ, ಇನ್ನೊಬ್ಬರಿಗೆ ಬೆಳಿಗ್ಗೆ ಸ್ವಲ್ಪ ಕಂದು ಕಲೆ ಕಾಣುತ್ತದೆ, ಮತ್ತೊಬ್ಬರಿಗೆ ತೊಡೆ ಸೆಳೆತ. ಆ ಸೂಚನೆ ಸಿಕ್ಕಿದರೆ ಮುಂದಿನದೆಲ್ಲ ಸಲೀಸು.

ಎರಡನೇ ಹೆಜ್ಜೆ: ಮಾತ್ರೆ, ಸರಿಯಾದ ಹೊತ್ತಿಗೆ

“ಮಾತ್ರೆ ತಗೊಂಡರೆ ಮುಂದೆ ಮಕ್ಕಳಾಗಲ್ಲ”, “ಅಭ್ಯಾಸವಾಗಿಬಿಡುತ್ತೆ”. ಈ ಎರಡು ಮಾತು ಎಷ್ಟು ಹುಡುಗಿಯರನ್ನು ವರ್ಷಗಟ್ಟಲೆ ನರಳಿಸಿವೆಯೋ ಲೆಕ್ಕವಿಲ್ಲ. ತಿಂಗಳಿಗೆ ಎರಡು ಮೂರು ದಿನ, ಹೇಳಿದ ಪ್ರಮಾಣದಲ್ಲಿ ನೋವಿನ ಮಾತ್ರೆ ನುಂಗಿದರೆ ಬಂಜೆತನ ಬರುವುದಿಲ್ಲ. ಈ ಮಾತ್ರೆಗಳು ಚಟ ಹಿಡಿಸುವ ಜಾತಿಯವೂ ಅಲ್ಲ.

ಮಾತ್ರೆ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಹೊತ್ತು ಏಕೆ ಮುಖ್ಯ ಎಂಬುದು ತಾನಾಗಿ ಅರ್ಥವಾಗುತ್ತದೆ. ಆಸ್ಪಿರಿನ್ ಜಾತಿಯ ಮಾತ್ರೆಗಳು ಪ್ರೊಸ್ಟಗ್ಲಾಂಡಿನ್ ತಯಾರಿಯನ್ನೇ ತಡೆಯುತ್ತವೆ ಎಂದು ಬ್ರಿಟನ್ನಿನ ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು. 1982ರ ವೈದ್ಯಕೀಯ ನೊಬೆಲ್ ಹಂಚಿಕೊಂಡ ಮೂವರಲ್ಲಿ ಅವರೂ ಒಬ್ಬರು. ಇಬುಪ್ರೊಫೇನ್, ನ್ಯಾಪ್ರೊಕ್ಸೆನ್, ಮೆಫೆನಾಮಿಕ್ ಆಮ್ಲ ಇವೆಲ್ಲ ಅದೇ ರೀತಿ ಕೆಲಸ ಮಾಡುತ್ತವೆ. ತಯಾರಿ ನಿಲ್ಲಿಸುವ ಮಾತ್ರೆಯನ್ನು, ಬೇಕಾದ್ದೆಲ್ಲ ತಯಾರಾಗಿ ಮೈತುಂಬ ಹರಡಿದ ಮೇಲೆ ನುಂಗಿದರೆ ಅದು ಏನು ತಾನೇ ಮಾಡೀತು? ಹಾಗಾಗಿ ಮೊದಲ ಸೂಚನೆ ಕಂಡ ಕೂಡಲೇ ತಗೊಳ್ಳಬೇಕು. ತಾರೀಕು ತಪ್ಪದೆ ಮುಟ್ಟಾಗುವವರು, ಅದರಲ್ಲೂ ನೋವು ಶುರುವಾದರೆ ವಾಂತಿಯೇ ಬರುವವರು, ಡಾಕ್ಟರನ್ನು ಕೇಳಿ ಹಿಂದಿನ ದಿನವೇ ಶುರುಮಾಡಬಹುದು.

ದೊಡ್ಡವರಿಗೆ ಇಬುಪ್ರೊಫೇನ್ 400 ಮಿ.ಗ್ರಾಂ, ಹೊಟ್ಟೆಗೆ ಏನಾದರೂ ಬಿದ್ದ ಮೇಲೆ, ಆರರಿಂದ ಎಂಟು ಗಂಟೆಗೊಮ್ಮೆ. ಡಾಕ್ಟರು ಹೇಳದೆ ದಿನಕ್ಕೆ 1200 ಮಿ.ಗ್ರಾಂ ದಾಟಬೇಡಿ. ಎರಡು, ಹೆಚ್ಚೆಂದರೆ ಮೂರು ದಿನ. “ನೋವು ಬಂದರೆ ನೋಡೋಣ” ಎಂದು ಒಂದೊಂದೇ ನುಂಗುವುದಕ್ಕಿಂತ ಮೊದಲ ದಿನ ಗಡಿಯಾರ ನೋಡಿ ಕ್ರಮವಾಗಿ ತಗೊಳ್ಳುವುದು ಒಳ್ಳೆಯದು. ಶಾಲೆಗೆ ಹೋಗುವ ಮಕ್ಕಳಿಗೆ ಪ್ರಮಾಣವನ್ನು ಒಂದು ಸಲ ಡಾಕ್ಟರ ಹತ್ತಿರ ಬರೆಸಿಕೊಳ್ಳಿ, ಆಮೇಲೆ ಪ್ರತಿ ತಿಂಗಳೂ ಅದೇ ನಡೆಯುತ್ತದೆ.

ನಮ್ಮ ಕಡೆ ಹೆಚ್ಚು ಹೆಸರು ಮಾಡಿದ ಮಾತ್ರೆ ಮೆಫ್ತಾಲ್ ಸ್ಪಾಸ್. ಅದರಲ್ಲಿ ಮೆಫೆನಾಮಿಕ್ ಆಮ್ಲ 250 ಮಿ.ಗ್ರಾಂ, ಜೊತೆಗೆ ಸೆಳೆತ ಸಡಿಲಿಸುವ ಡೈಸೈಕ್ಲೊಮಿನ್ 10 ಮಿ.ಗ್ರಾಂ ಇರುತ್ತದೆ. ಡೈಸೈಕ್ಲೊಮಿನ್‌ನಿಂದ ಬಾಯಿ ಒಣಗುತ್ತದೆ, ಕೆಲವರಿಗೆ ತಲೆ ಸುತ್ತು, ಮಂಪರು. ಮೆಫೆನಾಮಿಕ್ ಆಮ್ಲ ಡಾಕ್ಟರ ಚೀಟಿ ಬೇಕಾದ ಔಷಧ. ಆದರೂ ಮೆಡಿಕಲ್ ಶಾಪಿನಲ್ಲಿ ಚಾಕೊಲೇಟಿನಂತೆ ಕೈಗೆ ಕೊಡುತ್ತಾರೆ. ಇದರಿಂದ ಅಪರೂಪಕ್ಕೆ ಮೈಮೇಲೆ ದದ್ದು, ಜ್ವರ, ಗ್ರಂಥಿಗಳ ಊತ, ಒಳ ಅಂಗಗಳಿಗೂ ತೊಂದರೆ ಕೊಡುವ ಗಂಭೀರ ಅಲರ್ಜಿ ಬರಬಹುದೆಂದು ಭಾರತೀಯ ಫಾರ್ಮಾಕೊಪಿಯ ಆಯೋಗ 2023ರ ನವೆಂಬರ್‌ನಲ್ಲಿ ಎಚ್ಚರಿಕೆ ಹೊರಡಿಸಿತು. ಮಾತ್ರೆ ತಗೊಂಡ ಎರಡರಿಂದ ಎಂಟು ವಾರದೊಳಗೂ ಅದು ಕಾಣಿಸಿಕೊಳ್ಳಬಹುದು. ಭಯಪಟ್ಟು ನೋವು ತಿನ್ನುವುದು ಬೇಡ. ದದ್ದು, ಜ್ವರ ಬಂದರೆ ಈ ಮಾತ್ರೆ ತಗೊಂಡಿದ್ದೆ ಎಂದು ಡಾಕ್ಟರಿಗೆ ಹೇಳಲು ನೆನಪಿರಲಿ.

ಯಾರಿಗೆ ಈ ಜಾತಿಯ ಮಾತ್ರೆ ಬೇಡ ಎಂಬುದನ್ನೂ ಗಟ್ಟಿಯಾಗಿ ಹೇಳಬೇಕು. ಹೊಟ್ಟೆಯಲ್ಲಿ ಹುಣ್ಣಾದವರು, ಮೂತ್ರಪಿಂಡದ ತೊಂದರೆ ಇರುವವರು, ನೋವಿನ ಮಾತ್ರೆಯಿಂದ ಉಬ್ಬಸ ಹೆಚ್ಚಾಗುವವರು, ರಕ್ತ ತೆಳುಮಾಡುವ ಔಷಧ ತಗೊಳ್ಳುವವರು, ಗರ್ಭಿಣಿ ಇರಬಹುದೆಂಬ ಅನುಮಾನ ಇರುವವರು ಕೇಳದೆ ಮುಟ್ಟಬೇಡಿ. ಮಳೆಗಾಲದಲ್ಲಿ ಮುಟ್ಟಿನ ಜೊತೆ ಜ್ವರವೂ ಬಂದಿದ್ದರೆ ಡೆಂಗಿ ಇಲ್ಲವೆಂದು ಗೊತ್ತಾಗುವ ತನಕ ಇವು ಬೇಡ, ರಕ್ತಸ್ರಾವ ಹೆಚ್ಚಾಗುವ ಅಪಾಯವಿದೆ. ಅಂಥವರಿಗೆ ಪ್ಯಾರಾಸಿಟಮಾಲ್ ಇದೆ. ಮುಟ್ಟಿನ ನೋವಿಗೆ ಅದರ ಬಲ ಕಡಿಮೆ, ಆದರೂ ಶಾಖದ ಜೊತೆ ಸೇರಿದರೆ ಸಹಾಯಕ್ಕೆ ಬರುತ್ತದೆ. ಇಬುಪ್ರೊಫೇನ್ ಸಾಲಲಿಲ್ಲವೆಂದು ಅದರ ಮೇಲೆ ಮೆಫ್ತಾಲ್ ನುಂಗುವುದನ್ನು ನೋಡಿದ್ದೇನೆ. ಒಂದೇ ಜಾತಿಯ ಎರಡು ಮಾತ್ರೆ ಒಟ್ಟಿಗೆ ಸೇರಿದರೆ ನೋವು ಎರಡರಷ್ಟು ಇಳಿಯುವುದಿಲ್ಲ, ಹೊಟ್ಟೆ ಮಾತ್ರ ಸುಡುತ್ತದೆ. ಕಾಂಬಿಫ್ಲಾಮ್ ಎಂಬ ಮಾತ್ರೆಯಲ್ಲಿ ಇಬುಪ್ರೊಫೇನೂ ಪ್ಯಾರಾಸಿಟಮಾಲೂ ಎರಡೂ ಸೇರಿವೆ. ಸ್ಟ್ರಿಪ್ಪಿನ ಹಿಂಬದಿ ಓದುವ ಅಭ್ಯಾಸ ಇಟ್ಟುಕೊಳ್ಳಿ.

ಮೂರನೇ ಹೆಜ್ಜೆ: ಶಾಖ

ಶಾಖವೆಂದರೆ ಅಜ್ಜಿ ಮದ್ದು ಎಂದು ಹಗುರ ಮಾಡಬೇಡಿ. ಕಿಬ್ಬೊಟ್ಟೆಗೆ ಸುಮಾರು 39 ಡಿಗ್ರಿ ಶಾಖ ಕೊಡುವ ಪಟ್ಟಿಯನ್ನು ದಿನಕ್ಕೆ 12 ಗಂಟೆ ಕಟ್ಟಿಕೊಂಡವರನ್ನೂ, ಇಬುಪ್ರೊಫೇನ್ 400 ಮಿ.ಗ್ರಾಂ ದಿನಕ್ಕೆ ಮೂರು ಸಲ ತಗೊಂಡವರನ್ನೂ ಹೋಲಿಸಿದ ಅಧ್ಯಯನವೊಂದು 2001ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಶಾಖ ಮಾತ್ರೆಯಷ್ಟೇ ಕೆಲಸ ಮಾಡಿತ್ತು. ಎರಡನ್ನೂ ಸೇರಿಸಿದವರಿಗೆ ನೋವು ಇನ್ನೂ ಬೇಗ ಇಳಿದಿತ್ತು. ಮಾತ್ರೆ ನುಂಗಿ, ಅದು ಹತ್ತುವ ತನಕದ ಒಂದು ಗಂಟೆಯನ್ನು ಶಾಖಕ್ಕೆ ಒಪ್ಪಿಸಿ. ನಾನು ಹೇಳುವ ಜೋಡಿ ಇದೇ.

ನಮ್ಮ ಮಲೆನಾಡಿನ ಮನೆಯಲ್ಲಿ ರಬ್ಬರ್ ಚೀಲ ಬರುವ ಮೊದಲು ಉಪ್ಪಿನ ಗಂಟು ಇತ್ತು. ಈಗಲೂ ಕರೆಂಟಿಲ್ಲದ ರಾತ್ರಿ ನನಗೆ ಅದೇ ಗತಿ, ಅದೇ ಇಷ್ಟ. ಕಬ್ಬಿಣದ ಬಾಣಲೆಗೆ ಎರಡು ಹಿಡಿ ಕಲ್ಲುಪ್ಪು ಹಾಕಿ ಸಣ್ಣ ಉರಿಯಲ್ಲಿ ಹುರಿಯಿರಿ. ಮೊದಲು ಉಪ್ಪಿನ ತೇವ ಹಾರುವಾಗ ಚಿಟಪಟ ಎನ್ನುತ್ತದೆ, ಮುಖ ಸ್ವಲ್ಪ ದೂರವಿರಲಿ. ಸದ್ದು ನಿಂತು, ಉಪ್ಪು ಉದುರುದುರಾಗಿ ಸೌಟಿಗೆ ಹಗುರವೆನಿಸಿದಾಗ ಇಳಿಸಿ. ಅಮ್ಮನ ಹಳೇ ಹತ್ತಿ ಸೀರೆಯ ಚೌಕವನ್ನು ಎರಡು ಮಡಿಕೆ ಮಾಡಿ, ಉಪ್ಪು ಸುರಿದು, ಗಾಳಿಯಿಲ್ಲದಂತೆ ಗಂಟು ಬಿಗಿಯಿರಿ. ಮೊದಲು ಮೊಣಕೈಯ ಒಳಮೈಗೆ ತಾಗಿಸಿ ನೋಡಬೇಕು. ಅಲ್ಲಿ ಹಿತವೆನಿಸಿದರೆ ಮಾತ್ರ ಹೊಕ್ಕುಳ ಕೆಳಗೆ, ಬಟ್ಟೆಯ ಮೇಲಿಂದಲೇ ಇಡಿ. ಒಂದು ಕಡೆ ಒತ್ತಿ ಹಿಡಿಯದೆ ಸರಿಸುತ್ತಾ ಇರಿ. ಹದಿನೈದು ನಿಮಿಷ ಬಿಸಿ ನಿಲ್ಲುತ್ತದೆ, ಅದೇ ಉಪ್ಪನ್ನು ಮತ್ತೆ ಹುರಿಯಬಹುದು. ಹೊಟ್ಟೆಗೆ ಮೊದಲು ಬೆಚ್ಚಗಿನ ಹರಳೆಣ್ಣೆ ಸವರುತ್ತಿದ್ದರು ಅಮ್ಮ. ಎಣ್ಣೆಗಿಂತ ಆ ಕೈ ನಿಧಾನಕ್ಕೆ ಸುತ್ತು ತಿರುಗುತ್ತಿದ್ದುದೇ ನನಗೆ ನೆನಪಿರುವುದು, ಹಾಗೆ ನೀವುವುದರಿಂದಲೂ ಸೆಳೆತ ಸಡಿಲವಾಗುತ್ತದೆ.

ರಬ್ಬರಿನ ಬಿಸಿನೀರ ಚೀಲವಾದರೆ ಕುದಿಯುವ ನೀರು ಹಾಕಬೇಡಿ. ಮುಕ್ಕಾಲಿಗಿಂತ ಕಡಿಮೆ ತುಂಬಿ, ಉಳಿದ ಗಾಳಿ ಒತ್ತಿ ಹೊರಗೆ ಹಾಕಿ, ಬಿರಡೆ ಬಿಗಿದು, ತಲೆಕೆಳಗು ಮಾಡಿ ನೋಡಿ, ಟವೆಲ್ ಸುತ್ತಿ. ವರ್ಷಕ್ಕೊಮ್ಮೆ ಚೀಲ ಹೊಸದು ತನ್ನಿ, ಹಳೇ ರಬ್ಬರ್ ಬಿರುಕು ಬಿಟ್ಟರೆ ಸುಟ್ಟ ಗಾಯ ಖಂಡಿತ. ಕರೆಂಟಿನ ಜೆಲ್ ಚೀಲವನ್ನು ಚಾರ್ಜಿಗೆ ಹಾಕಿದಾಗ ಮೈಮೇಲೆ ಇಟ್ಟುಕೊಳ್ಳಬಾರದು. ನಿದ್ದೆ ಬರುವ ಮುಂಚೆ ತೆಗೆದಿಡಿ. ಒಂದೇ ಜಾಗಕ್ಕೆ ತಿಂಗಳುಗಟ್ಟಲೆ ವಿಪರೀತ ಬಿಸಿ ಕೊಟ್ಟರೆ ಚರ್ಮದ ಮೇಲೆ ಬಲೆಯಂಥ ಕಂದು ಗುರುತು ಬೀಳುತ್ತದೆ. ಬಿಸಿ ಜಾಸ್ತಿಯಾಯಿತೆಂದು ಚರ್ಮ ಹೇಳುವ ರೀತಿ ಅದು.

ಸ್ನಾನ ಮಾಡಬಾರದು, ತಲೆಗೆ ನೀರು ಹಾಕಬಾರದು ಎಂಬ ಮಾತಿಗೆ ದೇಹದಲ್ಲಿ ಆಧಾರವಿಲ್ಲ. ಹಂಡೆ ನೀರಿನ ಸ್ನಾನ ಸೊಂಟಕ್ಕೂ ಬೆನ್ನಿಗೂ ಒಟ್ಟಿಗೆ ಕೊಡುವ ಶಾಖ. ಇಂದಿಗೂ ಕೆಲವು ಮನೆಗಳಲ್ಲಿ ಮುಟ್ಟಾದವಳನ್ನು ಹಜಾರದ ಮೂಲೆಯಲ್ಲಿ ಬರೀ ಚಾಪೆಯ ಮೇಲೆ ಮಲಗಿಸುತ್ತಾರೆ. ತುಮಕೂರು, ಚಿತ್ರದುರ್ಗದ ಕಡೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಮನೆಯಿಂದಲೇ ಹೊರಗಿಡುವ ಪದ್ಧತಿ ಪೂರ್ತಿ ಹೋಗಿಲ್ಲ. ಸೊಂಟ ಸೆಳೆಯುತ್ತಿರುವ ಹೆಣ್ಣಿಗೆ ತಣ್ಣಗಿನ ನೆಲ ಕೊಡುವುದು ನೋವು ಹೆಚ್ಚಿಸಿದಂತೆಯೇ. ಹಾಸಿಗೆ, ಹೊದಿಕೆ, ಬೆಚ್ಚಗಿನ ಕೋಣೆ ಇವೂ ಮದ್ದೇ.

ನಾಲ್ಕನೇ ಹೆಜ್ಜೆ: ಹೊಟ್ಟೆಗೆ ಏನು

ಮೊದಲ ದಿನ ಹಸಿವಿರುವುದಿಲ್ಲ, ನಿಜ. ಆದರೂ ಖಾಲಿ ಹೊಟ್ಟೆ ಬೇಡ. ಗಂಜಿ, ಮೊಸರನ್ನ, ಇಡ್ಲಿ, ಒಂದು ಬಾಳೆಹಣ್ಣು, ಇಷ್ಟರಲ್ಲಿ ಯಾವುದು ಒಳಗೆ ಇಳಿಯುತ್ತದೋ ಅದು. ಮುಟ್ಟಿನಲ್ಲಿ ತಿನ್ನಬಾರದು ಎನ್ನುವ ಮೊಸರು, ಹುಳಿ, ಪರಂಗಿ ಬಿಡಬೇಕಿಲ್ಲ.

ಮನೆಮದ್ದುಗಳಲ್ಲಿ ಪರೀಕ್ಷೆಗಳು ಸ್ವಲ್ಪ ಮಟ್ಟಿಗೆ ಬೆಂಬಲಿಸಿರುವುದು ಶುಂಠಿಯನ್ನು. ದಿನಕ್ಕೆ 750 ಮಿ.ಗ್ರಾಂನಿಂದ 2 ಗ್ರಾಂ ತನಕ ಒಣಶುಂಠಿ ಪುಡಿಯನ್ನು ಮೊದಲ ಮೂರು ನಾಲ್ಕು ದಿನ ಕೊಟ್ಟು ನೋಡಿದ್ದಾರೆ, ನೋವು ಕಡಿಮೆಯಾಗಿದೆ. ಮನೆ ಲೆಕ್ಕದಲ್ಲಿ ಒಂದು ಟೀ ಚಮಚ ಪುಡಿಯನ್ನು ದಿನಕ್ಕೆ ಮೂರು ಪಾಲು ಮಾಡಿ. ಎರಡು ಲೋಟ ನೀರಿಗೆ ಒಂದು ಪಾಲು ಶುಂಠಿ, ಅರ್ಧ ಚಮಚ ಜೀರಿಗೆ ಹಾಕಿ ಒಂದು ಲೋಟಕ್ಕೆ ಇಳಿಸಿ, ಬೆಲ್ಲ ಸೇರಿಸಿ ಬಿಸಿಬಿಸಿ ಕುಡಿಯುವುದು. ವಾಕರಿಕೆ ಇದ್ದವರಿಗೆ ಇದು ಎರಡು ಕೆಲಸ ಮಾಡುತ್ತದೆ. ಓಂಕಾಳು, ಮೆಂತ್ಯೆಯ ಬಗ್ಗೆ ಮನೆಮನೆಯಲ್ಲೂ ನಂಬಿಕೆಯಿದೆ. ಹೊಟ್ಟೆ ಉಬ್ಬರಕ್ಕೆ ಹಿತವೆನಿಸಿದರೆ ತಗೊಳ್ಳಿ, ಆದರೆ ಮಾತ್ರೆಯ ಬದಲಿಗೆ ಅವನ್ನೇ ನಂಬಿ ಕೂರಬೇಡಿ. ಹಿಂದಿನ ವಾರ ಉಪ್ಪಿನಕಾಯಿ, ಹಪ್ಪಳ, ಚಿಪ್ಸ್ ಕಡಿಮೆ ಮಾಡಿದರೆ ಮೈ ಊದಿಕೊಂಡಂತಾಗುವುದು ತಗ್ಗುತ್ತದೆ.

ತಿಂಗಳಿಡೀ ನೋಡಿಕೊಳ್ಳಬೇಕಾದದ್ದು ರಕ್ತ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ 57 ಪ್ರತಿಶತಕ್ಕೆ ರಕ್ತಹೀನತೆಯಿದೆ. ನೋವಿನ ಜೊತೆ ಸುಸ್ತು, ಏದುಸಿರು, ತಲೆಸುತ್ತು ಇದ್ದರೆ ಹಿಮೋಗ್ಲೋಬಿನ್ ನೋಡಿಸಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣದ ಮಾತ್ರೆಯನ್ನು ಹುಡುಗಿಯರು ಕಿಟಕಿಯಾಚೆ ಎಸೆಯುವುದು ನನಗೆ ಗೊತ್ತು, ಖಾಲಿ ಹೊಟ್ಟೆಯಲ್ಲಿ ವಾಕರಿಕೆ ಬರುತ್ತದೆ ಅಂತ. ಬಿಸಿಯೂಟದ ನಂತರ ತಗೊಂಡರೆ ಆ ತೊಂದರೆ ಕಡಿಮೆ. ಕಬ್ಬಿಣದಂಶ ಮೈಗೆ ಹತ್ತಬೇಕೆಂದರೆ ಸೊಪ್ಪಿನ ಸಾರಿಗೆ ನಿಂಬೆ ಹಿಂಡಿ, ಊಟದ ಜೊತೆ ಟೀ, ಕಾಫಿ ಬೇಡ. 

ಐದನೇ ಹೆಜ್ಜೆ: ಮೈ ಆಡಿಸುವುದು, ಮಲಗುವುದು

ವಾರಕ್ಕೆ ಮೂರು ದಿನ, ಮುಕ್ಕಾಲರಿಂದ ಒಂದು ಗಂಟೆ ಮೈ ಬೆವರುವಂತೆ ನಡೆದವರಿಗೆ, ಯೋಗ ಮಾಡಿದವರಿಗೆ ಮುಟ್ಟಿನ ನೋವು ಗಣನೀಯವಾಗಿ ಇಳಿಯುತ್ತದೆಂದು ಹಲವು ಪ್ರಯೋಗಗಳನ್ನು ಒಟ್ಟುಮಾಡಿ ನೋಡಿದ 2019ರ ಕಾಕ್ರೇನ್ ವಿಮರ್ಶೆ ಹೇಳಿದೆ. ಇದರ ಫಲ ಒಂದೇ ತಿಂಗಳಿಗೆ ಕಾಣುವುದಿಲ್ಲ, ಎರಡು ಮೂರು ತಿಂಗಳು ಕೊಡಿ.

ನೋವಿನ ದಿನ ಮಾತ್ರ ಬಲವಂತ ಬೇಡ. ಮಂಡಿಯೂರಿ ಕೂತು ಮುಂದಕ್ಕೆ ಬಾಗಿ ಹಣೆ ನೆಲಕ್ಕೆ ಮುಟ್ಟಿಸುವ ಬಾಲಾಸನ, ಬೆಕ್ಕಿನಂತೆ ಬೆನ್ನು ಏರಿಸಿ ಇಳಿಸುವ ಮಾರ್ಜಾಲಾಸನ, ಪಾದ ಜೋಡಿಸಿ ಕೂರುವ ಬದ್ಧಕೋನಾಸನ, ಒಂದೊಂದರಲ್ಲಿ ಹತ್ತು ನಿಧಾನ ಉಸಿರು. ಮಲಗುವಾಗ ಮಗ್ಗುಲಾಗಿ, ಮಂಡಿ ಹೊಟ್ಟೆಯತ್ತ ಮಡಿಸಿ, ಮಂಡಿಗಳ ನಡುವೆ ದಿಂಬು. ಹೊಟ್ಟೆಯ ಸ್ನಾಯು ಸಡಿಲವಾಗುತ್ತದೆ.

ತುಳುನಾಡಿನಲ್ಲಿ ಫೆಬ್ರವರಿ ಹೊತ್ತಿಗೆ ಕೆಡ್ಡಸ ಬರುತ್ತದೆ. ಭೂಮಿತಾಯಿ ಹೊರಗಾಗಿದ್ದಾಳೆಂದು ಮೂರು ದಿನ ಉಳುವುದಿಲ್ಲ, ಅಗೆಯುವುದಿಲ್ಲ, ಹಸಿ ಮರ ಕಡಿಯುವುದಿಲ್ಲ. ನೆಲಕ್ಕೆ ಎಣ್ಣೆ ಬಿಟ್ಟು ಉಪಚರಿಸುತ್ತಾರೆ. ಆ ಊರಿನ ಗೆಳತಿ ಇದನ್ನು ಹೇಳಿದ ದಿನ ನನಗೆ ಬಹಳ ಹೊತ್ತು ಬೇರೇನೂ ತೋಚಲಿಲ್ಲ. ಮಣ್ಣಿಗೆ ಕೊಡುವ ಬಿಡುವನ್ನು ಮನೆಯ ಮಗಳಿಗೂ ಒಂದು ಮಧ್ಯಾಹ್ನ ಕೊಡಬಹುದು.

ಶಾಲೆ, ಬಸ್ಸು, ಕೆಲಸ

ಚೀಲದಲ್ಲಿ ಒಂದು ಸಣ್ಣ ಪರ್ಸ್ ಇರಲಿ: ಎರಡು ಪ್ಯಾಡ್, ಒಂದು ಒಳಉಡುಪು, ಒಂದು ಸ್ಟ್ರಿಪ್ ಮಾತ್ರೆ, ನಾಲ್ಕು ಬಿಸ್ಕತ್ತು. ಬಿಸ್ಕತ್ತು ಮರೆಯಬೇಡಿ, ಮಾತ್ರೆಗೆ ಅದೇ ಆಸರೆ. ಜನೌಷಧಿ ಕೇಂದ್ರದಲ್ಲಿ ಸುವಿಧಾ ಪ್ಯಾಡ್ ಒಂದು ರೂಪಾಯಿಗೆ ಸಿಗುತ್ತದೆ.

ಕೆಲಸಕ್ಕೆ ಹೋಗುವವರಿಗೆ: ತಿಂಗಳಿಗೆ ಒಂದು ದಿನದಂತೆ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆ ಕೊಡುವ ನೀತಿಗೆ ಕರ್ನಾಟಕ ಸಚಿವ ಸಂಪುಟ 2025ರ ಅಕ್ಟೋಬರ್ 9ರಂದು ಒಪ್ಪಿಗೆ ಕೊಟ್ಟಿತು, ನವೆಂಬರ್‌ನಲ್ಲಿ ಆದೇಶ ಬಂತು. ಸರ್ಕಾರಿ, ಖಾಸಗಿ ಎರಡೂ ಕಡೆಯ ಕೆಲಸಗಾರರನ್ನು ಮನಸ್ಸಿನಲ್ಲಿಟ್ಟುಕೊಂಡ ನೀತಿ ಅದು. ಆ ತಿಂಗಳ ರಜೆ ಆ ತಿಂಗಳಿಗೇ, ಕೂಡಿಡಲು ಬರುವುದಿಲ್ಲ. ಆದೇಶವನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದವರೂ ಇದ್ದಾರೆ, ಹಾಗಾಗಿ ನಿಮ್ಮ ಕಚೇರಿಯಲ್ಲಿ ಈಗ ಏನು ನಿಯಮ ಎಂದು ನೋವಿಲ್ಲದ ದಿನವೇ ಕೇಳಿಟ್ಟುಕೊಳ್ಳಿ. ನಿಂತೇ ಕೆಲಸ ಮಾಡುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಆ ಒಂದು ದಿನದ ಬೆಲೆ ಎಷ್ಟೆಂದು ಹೇಳಬೇಕಿಲ್ಲ.

ತಡೆದುಕೊಳ್ಳಬಾರದ ನೋವು

ಸುಮಾರು ಐವರಲ್ಲಿ ಒಬ್ಬರಿಗೆ ಈ ಮಾತ್ರೆಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಸರಿಯಾದ ಹೊತ್ತಿಗೆ, ಸರಿಯಾದ ಪ್ರಮಾಣದಲ್ಲಿ ಮೂರು ತಿಂಗಳು ಮಾಡಿದರೂ ಶಾಲೆ, ಕೆಲಸ ತಪ್ಪುತ್ತಿದ್ದರೆ ಸ್ತ್ರೀರೋಗ ತಜ್ಞರ ಹತ್ತಿರ ಹೋಗಬೇಕು. ವರ್ಷದಿಂದ ವರ್ಷಕ್ಕೆ ನೋವು ಹೆಚ್ಚಾಗುತ್ತಿದ್ದರೆ, ಇಪ್ಪತ್ತೈದು ದಾಟಿದ ಮೇಲೆ ಹೊಸದಾಗಿ ಶುರುವಾಗಿದ್ದರೆ, ಮುಟ್ಟು ಮುಗಿದ ಮೇಲೂ ಉಳಿದರೆ, ಮಲ ಮೂತ್ರ ವಿಸರ್ಜನೆಯಲ್ಲೋ ದಾಂಪತ್ಯದಲ್ಲೋ ನೋವಿದ್ದರೆ ಹೋಗಲೇಬೇಕು. ಗಂಟೆಗೊಂದು ಪ್ಯಾಡ್ ನೆನೆಯುತ್ತಿದ್ದರೆ, ಹತ್ತು ರೂಪಾಯಿ ನಾಣ್ಯಕ್ಕಿಂತ ದೊಡ್ಡ ಗಡ್ಡೆ ಹೋಗುತ್ತಿದ್ದರೆ, ಏಳು ದಿನ ದಾಟಿದರೂ ನಿಲ್ಲದಿದ್ದರೆ ಕೂಡ. ಮುಟ್ಟು ತಪ್ಪಿ ಇದ್ದಕ್ಕಿದ್ದಂತೆ ಒಂದೇ ಬದಿಯಲ್ಲಿ ತೀವ್ರ ನೋವು, ತಲೆತಿರುಗಿ ಬೀಳುವುದು, ನೋವಿನ ಜೊತೆ ಜ್ವರ ಮತ್ತು ದುರ್ವಾಸನೆಯ ಬಿಳುಪು (ಬಿಳಿಸ್ರಾವ), ಇವಕ್ಕೆ ಬೆಳಗಾಗಲೆಂದು ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.

ಹಿಂದಿರುವ ಕಾರಣಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ, ಅಂಡಾಶಯದ ಮೇಲೋ ಕರುಳಿನ ಮೇಲೋ ಬೆಳೆಯುವುದು. ಮಗುವಾಗುವ ವಯಸ್ಸಿನ ಸುಮಾರು ಹತ್ತು ಪ್ರತಿಶತ ಹೆಣ್ಣುಮಕ್ಕಳಿಗೆ ಇದಿದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪತ್ತೆಯಾಗಲು ವರ್ಷಗಳೇ ಹಿಡಿಯುತ್ತವೆ, ಏಕೆಂದರೆ ಎಲ್ಲರೂ “ಮುಟ್ಟು ಅಂದ್ಮೇಲೆ ನೋವಿರುತ್ತೆ” ಎಂದೇ ಕಳಿಸುತ್ತಾರೆ. ನನಗೂ ಹಾಗೇ ಎರಡು ಸಲ ಹೇಳಿ ಕಳಿಸಿದ್ದರು. ಸ್ಕ್ಯಾನಿಂಗ್ ನಾರ್ಮಲ್ ಬಂದರೂ ಈ ಕಾಯಿಲೆ ಇರಬಹುದು ಎಂದು ಮೂರನೇ ಡಾಕ್ಟರು ಹೇಳಿದಾಗ ನನಗೆ ಮೂವತ್ತೊಂದು ವರ್ಷ. ಫೈಬ್ರಾಯ್ಡ್ ಗಡ್ಡೆ, ಅಡಿನೊಮಯೋಸಿಸ್ (ಒಳಪದರದಂಥ ಅಂಗಾಂಶ ಗರ್ಭಕೋಶದ ಸ್ನಾಯುವಿನೊಳಗೇ ಬೆಳೆಯುವುದು), ಸೋಂಕು ಉಳಿದ ಕಾರಣಗಳು. ಕಾಪರ್-ಟಿ ಹಾಕಿಸಿಕೊಂಡ ಮೊದಲ ಮೂರರಿಂದ ಆರು ತಿಂಗಳು ಸ್ರಾವ, ಸೆಳೆತ ಹೆಚ್ಚಬಹುದು, ಅದನ್ನೂ ಹೇಳಿ.

ಡಾಕ್ಟರ ಮುಂದೆ ಕೂತಾಗ

ಆ ಮೂರು ತಿಂಗಳ ಕ್ಯಾಲೆಂಡರ್ ಹಾಳೆ ಕೈಯಲ್ಲಿರಲಿ. “ತುಂಬಾ ನೋವು” ಎಂದರೆ ಅವರಿಗೆ ಏನೂ ಹೇಳಿದಂತಾಗುವುದಿಲ್ಲ. “ತಿಂಗಳಿಗೆ ಎರಡು ದಿನ ಶಾಲೆ ತಪ್ಪುತ್ತದೆ, ಇಬುಪ್ರೊಫೇನ್ ಮೂರು ಹೊತ್ತು ತಗೊಂಡರೂ ಹತ್ತಕ್ಕೆ ಏಳರಷ್ಟು ನೋವು ಉಳಿಯುತ್ತದೆ” ಎಂದರೆ ಅವರು ಪೆನ್ನು ಹಿಡಿಯುತ್ತಾರೆ. ಮದುವೆಯಾಗದ ಹುಡುಗಿಗೆ ಹೊಟ್ಟೆಯ ಮೇಲಿಂದಲೇ ಸ್ಕ್ಯಾನ್ ಮಾಡುತ್ತಾರೆ, ಅಂಜುವುದು ಬೇಡ.

ಹಾರ್ಮೋನು ಗುಳಿಗೆ ಬರೆದುಕೊಟ್ಟರೆ “ಇದು ಮಕ್ಕಳಾಗದ ಹಾಗೆ ಮಾಡುವ ಮಾತ್ರೆ ಅಲ್ವಾ, ನಮ್ಮ ಹುಡುಗಿಗೆ ಯಾಕೆ” ಎಂದು ತಾಯಂದಿರು ಗಾಬರಿಯಾಗುತ್ತಾರೆ. ಅಂಡ ಬಿಡುಗಡೆ ತಡೆದು, ಒಳಪದರ ತೆಳ್ಳಗಾಗಿಸಿ, ಪ್ರೊಸ್ಟಗ್ಲಾಂಡಿನ್ ತಯಾರಾಗುವುದನ್ನೇ ಕಡಿಮೆ ಮಾಡುತ್ತದೆ ಅದು. ನಿಲ್ಲಿಸಿದ ಮೇಲೆ ಚಕ್ರ ಮರಳುತ್ತದೆ. ಬಿಪಿ, ಕಣ್ಣ ಮುಂದೆ ಮಿಂಚು ಹೊಡೆಯುವ ಅರೆತಲೆನೋವು, ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿದ ಚರಿತ್ರೆ ಇದ್ದರೆ ಮೊದಲೇ ಹೇಳಬೇಕು.

ಒಂದು ಮಾತಿಗೆ ಮಾತ್ರ ಅಲ್ಲಿಂದಲ್ಲಿಗೆ ಒಪ್ಪಬೇಡಿ: “ಗರ್ಭಕೋಶ ತೆಗೆಸಿಬಿಡಿ.” ಕಲಬುರಗಿಯ ತಾಂಡಾಗಳಲ್ಲಿ ಹೊಟ್ಟೆನೋವು, ಬಿಳುಪು ಎಂದು ಹೋದ ಎಳೆ ವಯಸ್ಸಿನ ಹೆಣ್ಣುಮಕ್ಕಳ ಗರ್ಭಕೋಶವನ್ನು ಬೇಕಿಲ್ಲದೆ ತೆಗೆದ ಪ್ರಕರಣಗಳು 2015ರಲ್ಲಿ ಹೊರಬಂದವು. ಮೂವತ್ತರೊಳಗೇ ಗರ್ಭಕೋಶ, ಅಂಡಾಶಯ ಕಳೆದುಕೊಂಡವರಿಗೆ ಮೂಳೆ ಸವೆತವೂ ಬೇಗ. ಯಾರು ಹೇಳಿದರೂ ಸ್ಕ್ಯಾನ್ ವರದಿ, ಕ್ಯಾಲೆಂಡರ್ ಹಾಳೆ ತಗೊಂಡು ಜಿಲ್ಲಾಸ್ಪತ್ರೆಯಲ್ಲೋ ವೈದ್ಯಕೀಯ ಕಾಲೇಜಿನಲ್ಲೋ ಇನ್ನೊಬ್ಬ ತಜ್ಞರನ್ನು ಕೇಳಿ, ಮಾತ್ರೆಯಿಂದ ಅಥವಾ ಗರ್ಭಕೋಶದೊಳಗೆ ಹಾಕುವ, ಹಾರ್ಮೋನು ಬಿಡುವ ವಂಕಿಯಿಂದ ಆಗುವುದಿಲ್ಲವೇ ಎಂದು ಬಾಯಿಬಿಟ್ಟು ಕೇಳಿ.

ಮನೆಯ ಗಂಡಸರಿಗೆ, ತಮ್ಮಂದಿರಿಗೆ ಒಂದು ಕೆಲಸ. ಕ್ಯಾಲೆಂಡರಿನಲ್ಲಿ ಸುತ್ತು ಹಾಕಿದ ತಾರೀಕು ಹತ್ತಿರ ಬಂದಾಗ ಡಬ್ಬಿಯಲ್ಲಿ ಮಾತ್ರೆ ಇದೆಯೇ, ಶುಂಠಿ ಇದೆಯೇ, ರಬ್ಬರ್ ಚೀಲದ ಬಿರಡೆ ಸರಿಯಿದೆಯೇ ನೋಡಿ. ನನ್ನ ಮಗ ಪಿಯುಸಿ ಓದುತ್ತಿದ್ದಾನೆ. ಕಳೆದ ತಿಂಗಳು ಬೆಳಿಗ್ಗೆ ಆರಕ್ಕೆ ಅಕ್ಕನ ಕೋಣೆಯ ದೀಪ ಹತ್ತಿದ್ದು ಕಂಡು, ಯಾರೂ ಹೇಳದೆ ಎರಡು ಇಡ್ಲಿ ಬಿಸಿಮಾಡಿ, ಪಕ್ಕದಲ್ಲಿ ಮಾತ್ರೆಯ ಸ್ಟ್ರಿಪ್ ಇಟ್ಟು, “ಅಕ್ಕ, ತಿಂದು ತಗೋ” ಎಂದು ಬಾಗಿಲು ತಟ್ಟಿ ಹೋದ.